ಅಳಿಯ ಮಾಡಿದ ಅನುಕೂಲಗಳು

ಟೆಲಿಫೋನಿನ ಬುಡದ ಮೇಲೆ ಬಟ್ಟೆ ಒಗೆಯುವ ಯಂತ್ರದ ಮೋಟಾರು ಕೂರಿಸಿ ಅಳಿಯ ಒಸ್ಮೆಲ್ ಫ್ಯಾನು ಮಾಡಿದಾಗ ನನಗೆ ಯಾವ ಅನುಮಾನವೂ ಬರಲಿಲ್ಲ. ಆ ವರ್ಷ ನಮ್ಮ ಬಂದರು ಊರಾದ ಸಿಯೆನ್‌ಫ್ಯೂಗೋಸ್‌ನಲ್ಲಿ ಅದನ್ನು ಮಾಡದ ಗಂಡಸು ಯಾರಿದ್ದರು? ರಷ್ಯಾದ ಹಡಗುಗಳು ಬರುವುದು ನಿಂತು ಎರಡು ವರ್ಷವಾಗಿತ್ತು, ಅಂಗಡಿಯಲ್ಲಿ ಒಂದು ಮೊಳೆಯೂ ಸಿಗುತ್ತಿರಲಿಲ್ಲ. ಕೆಟ್ಟುಹೋದ ಒಂದನ್ನು ಇನ್ನೊಂದಾಗಿ ಮಾಡಿಕೊಂಡೇ ಎಲ್ಲರ ಸಂಸಾರ ನಡೆಯುತ್ತಿತ್ತು. ನಮ್ಮ ಅಳಿಯನ ಕೈಯಲ್ಲಿ ಕಸುಬಿದೆ ಎಂದು ಓಣಿಯಲ್ಲೆಲ್ಲ ನಾನೇ ಹೇಳಿಕೊಂಡು ಬಂದೆ.

ಕೆಡದೇ ಇದ್ದ ಸಾಮಾನಿಗೂ ಅವನು ಕೈ ಹಾಕಿದಾಗ ಅನುಮಾನ ಶುರುವಾಯಿತು. ಉಪ್ಪಿನ ಡಬ್ಬಿಯ ಮುಚ್ಚಳಕ್ಕೆ ಒಳಗಿನಿಂದ ಮೊಳೆ ಬಡಿದು ಮೇಲೆ ಗುಬುಟು ಎಬ್ಬಿಸಿದ, ಸಕ್ಕರೆ ಡಬ್ಬಿಯದನ್ನು ನುಣ್ಣಗೆ ಬಿಟ್ಟ. ಸೀಮೆಎಣ್ಣೆ ಒಲೆಯ ತಿರುಪಿಗೆ ಅರದಿಂದ ಗೀರು ಹಾಕಿದ. ಹೂಜಿಯ ನೀರಿನಲ್ಲಿ ಒಂದು ಬೆಂಡು ತೇಲಿಬಿಟ್ಟ, ತುಂಬುತ್ತ ಬಂದರೆ ಅದು ಬೆರಳಿಗೆ ತಾಗುತ್ತಿತ್ತು. ಮೇಜಿನ ಚೂಪು ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿದ. ಒಲೆ ಹೊತ್ತಿಸಲು ಬಳಸುವ ಸ್ಪಿರಿಟ್ಟಿನ ಬಾಟಲಿಗೆ ಕುತ್ತಿಗೆಯಿಂದ ಬುಡದವರೆಗೆ ಹುರಿ ಸುತ್ತಿ, ಅದೇ ಅಳತೆಯ ನೀರಿನ ಬಾಟಲಿಯನ್ನು ಮಾತ್ರ ಬೋಳಾಗಿಯೇ ಇಟ್ಟ. ಯಾಕೆಂದು ಕೇಳಿದರೆ ಕರೆಂಟು ಹೋದಾಗ ಅನುಕೂಲವಾಗುತ್ತದೆ ಎನ್ನುತ್ತಿದ್ದ.

ಯಾರಿಗೆ ಅನುಕೂಲ? ನಲವತ್ತು ವರ್ಷ ಆ ಅಡುಗೆಮನೆಯಲ್ಲಿ ಬೆಂದವಳು ನಾನು. ಕತ್ತಲಲ್ಲಿ ಉಪ್ಪು ಹುಡುಕಲು ನನಗೆ ಮೊಳೆಯ ಗುರುತು ಬೇಕಿರಲಿಲ್ಲ. ಆದರೆ ಅವನ ಊರು ಕಮಾಗ್ವೆಯಲ್ಲಿ ಅವನ ತಾಯಿ ಎದುವಿಹಿಸ್ ಒಬ್ಬಳೇ ಇದ್ದಳು, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಇಷ್ಟು ಹೊಳೆದ ಮೇಲೆ ಉಳಿದದ್ದೆಲ್ಲ ತಾನಾಗಿ ಅರ್ಥವಾಯಿತು. ಅಮ್ಮನನ್ನು ಕರೆತರಲು ಅಳಿಯ ನನ್ನ ಮನೆಯನ್ನು ಸದ್ದಿಲ್ಲದೆ ಸಜ್ಜು ಮಾಡುತ್ತಿದ್ದ.

ಬಂದವಳು ನಾಲ್ಕು ದಿನ ಇದ್ದು ಹೋಗುತ್ತಾಳೆಯೇ? ಪಡಿತರ ಪುಸ್ತಕದಲ್ಲಿ ಒಮ್ಮೆ ಹೆಸರು ಹತ್ತಿದರೆ ಮುಗಿಯಿತು, ಆಮೇಲೆ ಆ ಮನೆಯಿಂದ ಅವರನ್ನು ಯಾರೂ ಎಬ್ಬಿಸಲಾರರು. ಬೀದಿ ಕಡೆ ಕಿಟಕಿ ಇರುವುದು ನನ್ನ ಕೋಣೆಗೆ ಮಾತ್ರ. ಗಂಡ ಸಿಪ್ರಿಯಾನೋ ಸತ್ತದ್ದು ಆ ಕೋಣೆಯಲ್ಲಿ, ನಾನು ಸಾಯಬೇಕಾದದ್ದೂ ಅಲ್ಲೇ. ಪ್ರತಿ ಶನಿವಾರ ಪುಸ್ತಕ ತೆಗೆದು ಹೆಸರು ಓದುತ್ತಿದ್ದೆ: ನಾನು, ಮಗಳು ಮಿರೇಯಾ, ಒಸ್ಮೆಲ್. ಇನ್ನೂ ಮೂರೇ ಇವೆ ಎಂದು ಸಮಾಧಾನ ಮಾಡಿಕೊಂಡು ಮತ್ತೆ ಒಳಗಿಡುತ್ತಿದ್ದೆ.

ಬ್ರೆಡ್ಡಿನ ಸಾಲಿನಲ್ಲಿ ಪಕ್ಕದ ಮನೆಯ ಸೊರಾಯ್ದಾಳ ಹತ್ತಿರ ಬಾಯಿಬಿಟ್ಟದ್ದೇ ತಪ್ಪಾಯಿತು.

“ಎನೇಲಿಯಕ್ಕ, ಈಗ್ಲೇ ಹಾಸಿಗೆ ಸುತ್ತಿಟ್ಕೊಂಬಿಡು,” ಎಂದಳು. “ಬೀಗಿತ್ತಿ ಬಂದ್ರೆ ಕಿಟಕಿ ಅವಳ್ದು, ಒಲೆ ಪಕ್ಕದ ಮೂಲೆ ನಿಂದು.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಮಗಳೂ ಅವನ ಕಡೆಯೇ ಎಂಬುದು ನನ್ನನ್ನು ಹೆಚ್ಚು ಸುಟ್ಟಿತು. ಮಿರೇಯಾ ನನ್ನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದಳು. ನಾನು ಎದುರು ನಿಂತಿದ್ದರೂ ನನ್ನ ಕಿವಿಯ ಪಕ್ಕ ಎಲ್ಲೋ ನೋಡುತ್ತ ಉತ್ತರ ಕೊಡುತ್ತಿದ್ದಳು. ಮನಸ್ಸಿನಲ್ಲಿ ಕಳ್ಳತನ ಇದ್ದವರು ಹಾಗೇ ನೋಡುವುದು. ನನ್ನಿಂದ ಏನು ಮುಚ್ಚಿಡುತ್ತಿದ್ದೀಯ ಎಂದು ಒಂದು ದಿನ ನೇರವಾಗಿ ಕೇಳಿದೆ. ಏನೂ ಇಲ್ಲ ಎಂದಳು, ಹೇಳುವ ಮುಂಚೆ ತುಸು ತಡೆದಳು. ನಾನು ಹೆತ್ತವಳು, ಆ ತಡೆ ನನಗೆ ಗೊತ್ತಾಗದೇ?

ಒಂದು ಗುರುವಾರ ಒಸ್ಮೆಲ್ ವರ್ಕ್‌ಶಾಪಿಗೆ ಹೊರಟ ಮೇಲೆ, ಅವನ ಬೇಳೆ ಬೇಯಲು ಬಿಡಬಾರದು ಎಂದು ಟೊಂಕ ಕಟ್ಟಿ ಕೆಲಸಕ್ಕೆ ಇಳಿದೆ. ಯಾವುದನ್ನೂ ಮುರಿಯಲಿಲ್ಲ, ಮೊದಲಿದ್ದ ಹಾಗೆ ಮಾಡಿದೆ ಅಷ್ಟೆ. ಡಬ್ಬಿಗಳ ಮುಚ್ಚಳ ಅದಲುಬದಲು ಮಾಡಿದೆ. ಹೂಜಿಯ ಬೆಂಡನ್ನು ಕಸಕ್ಕೆ ಎಸೆದೆ. ಅವನು ಗೋಡೆಗೆ ಒತ್ತರಿಸಿಟ್ಟಿದ್ದ ಕುರ್ಚಿಯನ್ನು ನಡುವೆ ಎಳೆದು ಹಾಕಿದೆ. ಬಾಟಲಿಯ ಹುರಿ ಬಿಚ್ಚಿ ಸೊಳ್ಳೆಪರದೆ ಕಟ್ಟಲು ಕೋಣೆಗೆ ಒಯ್ದೆ.

ಮಧ್ಯಾಹ್ನ ಒಲೆಯ ಮೇಲಿದ್ದ ಕಪ್ಪು ಅವರೆ ತಳ ಹಿಡಿಯುವ ವಾಸನೆ ಬಂತು. ನೀರು ಹಾಕು ಎಂದು ಕೋಣೆಯಿಂದಲೇ ಕೂಗಿದೆ. ಮಿರೇಯಾ ಬಾಟಲಿಗಳನ್ನು ತಡವಿ ಒಂದನ್ನು ಎತ್ತಿ ಸುರಿದಳು. ಸೂರಿನವರೆಗೆ ಬೆಂಕಿ ಎದ್ದಿತು. ನಾನು ಓಡಿಬಂದು ಒದ್ದೆ ಗೋಣಿ ಎಸೆದು ಆರಿಸುವಷ್ಟರಲ್ಲಿ ಬಾಟಲಿ ಚೂರಾಗಿತ್ತು, ಅವಳ ಬಲಗೈ ಮೊಣಕೈವರೆಗೆ ಬೆಂದಿತ್ತು.

ಓಣಿಯ ತುದಿಯ ದವಾಖಾನೆಗೆ ಕರೆದೊಯ್ದೆ. ಸುದ್ದಿ ತಿಳಿದು ಒಸ್ಮೆಲ್ ಸೈಕಲ್ ತುಳಿದು ಏದುಸಿರು ಬಿಡುತ್ತ ಬಂದ. ಅಲ್ಲಿ ಡಾಕ್ಟರಾಗಿದ್ದ ಹುಡುಗಿ ಮುಲಾಮು ಹಚ್ಚಿ ಪಟ್ಟಿ ಕಟ್ಟಿದಳು. ಆಮೇಲೆ ಕಪಾಟಿನಿಂದ ಮಿರೇಯಾಳ ಹೆಸರಿನ ಒಂದು ಹಳೆಯ ಚೀಟಿ ತೆಗೆದಳು, ಅದು ನಾಲ್ಕು ತಿಂಗಳ ಹಿಂದಿನದು. ಮುಖದೆದುರು ಬೆರಳು ಹಿಡಿದು ಎಷ್ಟೆಂದು ಕೇಳಿದಳು. ಮಗಳು ಬೆರಳಿನ ಪಕ್ಕಕ್ಕೆ ನೋಡುತ್ತ, ನಡುವೆ ಮಬ್ಬು, ಅಂಚಿನಲ್ಲಿ ಮಾತ್ರ ಕಾಣುತ್ತದೆ ಎಂದಳು.

ಈ ವರ್ಷ ಊರಲ್ಲಿ ತುಂಬ ಜನಕ್ಕೆ ಹೀಗಾಗಿದೆ, ಹೊಟ್ಟೆಗಿಲ್ಲದೆ ನರ ಸೋಲುತ್ತದೆ ಎಂದು ಡಾಕ್ಟರು ನನಗೆ ಹೇಳಿದಳು. ಆಮೇಲೆ ಮಿರೇಯಾಳ ಕಡೆ ತಿರುಗಿದಳು.

“ಮಾತ್ರೆ ಒಂದೇ ಸಾಲ್ದು ಅಂದಿದ್ದೆ. ಪಡಿತರದ ಮೊಟ್ಟೆ ತಿಂತಿದೀಯಾ?”

ಒಸ್ಮೆಲ್ ನೆಲ ನೋಡುತ್ತ ಹೇಳಿದ:

“ಅತ್ತೆಗೆ ಹಾಕ್ತಾಳೆ ಡಾಕ್ಟ್ರೇ. ಅವಳ್ದೂ, ನಂದೂ. ಚಳಿಗಾಲದಲ್ಲಿ ಅವರಿಗೆ ನ್ಯುಮೋನಿಯಾ ಆಗಿತ್ತಲ್ಲ, ಆವಾಗಿಂದ. ಕಣ್ಣಿನ ವಿಷ್ಯ ಗೊತ್ತಾದ್ರೆ ಅತ್ತೆ ಮೊಟ್ಟೆ ಮುಟ್ಟಲ್ಲ ಅಂತ ನನ್ನ ಬಾಯೂ ಕಟ್ಟಿದಾಳೆ.”

ಅವರಿಬ್ಬರ ಮೊಟ್ಟೆ ತಿಂದು ಬಂದ ಶಕ್ತಿಯಿಂದಲೇ ನಾನು ಅವರಿಬ್ಬರ ಬೆನ್ನು ಬಿದ್ದಿದ್ದೆ. ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮನೆಗೆ ಬರುವಾಗ ಒಸ್ಮೆಲ್ ಸೈಕಲ್ ತಳ್ಳುತ್ತ ಮುಂದೆ ಹೋಗುತ್ತಿದ್ದ. ಮಿರೇಯಾ ನನ್ನ ತೋಳು ಹಿಡಿದಿದ್ದಳು.

“ಹುರಿ ಬಿಚ್ಚಿದ್ದು ನೀನಾ ಅಮ್ಮ?” ಎಂದಳು ಮೆಲ್ಲಗೆ.

ಹೌದು ಎಂದೆ.

“ಅವ್ರಿಗೆ ಹೇಳ್ಬೇಡ. ತಾನೇ ಸಡಿಲ ಸುತ್ತಿದ್ದೆ, ಜಾರ್ಹೋಗಿದೆ ಅಂದ್ಕೊಂಡಿದಾರೆ. ಮನೇಲಿ ಜಗಳ ಬೇಡ.”

ಆ ಮಾತನ್ನು ಹೊತ್ತು ಮನೆಯೊಳಗೆ ಕಾಲಿಡಲು ನನ್ನಿಂದಾಗಲಿಲ್ಲ. ಬಾಗಿಲಲ್ಲಿ ಅವನು ಸೈಕಲ್ ಒರಗಿಸುತ್ತಿದ್ದಾಗಲೇ ಹೇಳಿದೆ. ಅವನ ಅಮ್ಮನ ವಿಷಯ, ಕಿಟಕಿಯ ವಿಷಯ, ಪ್ರತಿ ಶನಿವಾರ ಪುಸ್ತಕ ತೆಗೆದು ನೋಡುತ್ತಿದ್ದದ್ದು, ಯಾವುದನ್ನೂ ಬಿಡಲಿಲ್ಲ. ಬಯ್ಯಲಿ, ಹೊರಗೆ ಹೋಗೆನ್ನಲಿ ಎಂದು ಕಾದು ನಿಂತೆ.

ಅವನು ಹೆಂಡತಿಯನ್ನು ಹೊಸ್ತಿಲ ಹೊರಗೇ ತಡೆದು ನಿಲ್ಲಿಸಿದ.

“ಹುರಿ ಬಿಟ್ಟು ಮತ್ತೇನೇನು ಬದಲಾಯ್ಸಿದೀರಿ ಅತ್ತೆ?” ಎಂದ. “ಅವಳು ಒಳಗೆ ಕಾಲಿಡೋ ಮುಂಚೆ ಒಂದೂ ಬಿಡದೆ ಹೇಳ್ಬಿಡಿ.”

ನಡುವೆ ಎಳೆದು ಹಾಕಿದ್ದ ಕುರ್ಚಿಯಿಂದ ಶುರುಮಾಡಿದೆ.