ಸೋಮವಾರ ಹೂಡದ ಕಂಪ್ಯೂಟರ್

ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಹಿಂದೆ, ದನದ ದಲ್ಲಾಳಿ ಹನುಮಣ್ಣಜ್ಜನ ಮನೆಯ ಮುಂದಿನ ಕೋಣೆಯಲ್ಲಿ ಕೂತು ನಾನು ಬೇರೆಯವರ ಮದುವೆಗಳನ್ನು ರಿಪೇರಿ ಮಾಡುತ್ತಿದ್ದೆ. ಸ್ವಂತ ಮದುವೆ ರಿಪೇರಿಯಾಗದೆ ಗಂಡನನ್ನು ಹರಪನಹಳ್ಳಿಯಲ್ಲೇ ಬಿಟ್ಟು ಬಂದವಳಿಗೆ ಇಂಥ ಕೆಲಸ ಸಿಕ್ಕಿದ್ದು ನೋಡಿ ಊರಿನವರಿಗೆ ನಗು ಬರುತ್ತಿತ್ತು. ನನಗೂ ಬರುತ್ತಿತ್ತು, ಅದನ್ನು ತೋರಿಸಿಕೊಳ್ಳುತ್ತಿರಲಿಲ್ಲ ಅಷ್ಟೆ.

ಕೆಲಸ ದೊಡ್ಡದೇನಲ್ಲ. ಕ್ಯಾಸೆಟ್ಟಿನಲ್ಲಿ ಬಂದ ಮದುವೆಯನ್ನು ಕಂಪ್ಯೂಟರಿಗೆ ಇಳಿಸಬೇಕು. ಊಟದ ಪಂಕ್ತಿಯಲ್ಲಿ ಬೀಗರು ಜಗಳಾಡಿದ್ದನ್ನು ಕತ್ತರಿಸಬೇಕು. ಮದುಮಗಳನ್ನು ಗುಲಾಬಿ ಹೂವಿನೊಳಗೂ ಮದುಮಗನನ್ನು ಚಂದ್ರನ ಮೇಲೂ ಕೂರಿಸಿ ಹಾಡು ಹಾಕಬೇಕು. ಆಮೇಲೆ ಅದನ್ನೆಲ್ಲ ಒಂದುಗೂಡಿಸಿ ಡಿವಿಡಿಗೆ ಹೊಂದುವಂತೆ ಮಾಡುವುದು ಕಂಪ್ಯೂಟರಿನ ಪಾಲು. ಅದಕ್ಕೆ ನಾವು ರೆಂಡರ್ ಅನ್ನುತ್ತೇವೆ. ರೆಂಡರ್ ನಡೆಯುವಾಗ ಪರದೆಯ ಮೇಲೆ ಒಂದು ನೀಲಿ ಪಟ್ಟಿ ಎಡದಿಂದ ಬಲಕ್ಕೆ ತೆವಳುತ್ತದೆ. ನನ್ನ ವಯಸ್ಸಿನ ಒಳ್ಳೆಯ ಭಾಗ ಆ ಪಟ್ಟಿಯನ್ನು ನೋಡುವುದರಲ್ಲೇ ಕಳೆದಿತ್ತು.

ಅಂಗಡಿಗೆ ಇಬ್ಬರು ಪಾಲುದಾರರು. ಮೋಟಾರು ವೈಂಡಿಂಗ್ ಮಾಡುವ ಮನೆತನದ ಜಿಲಾನಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ, ಪಾಲಾಕ್ಷ ಕ್ಯಾಮೆರಾ ಹಿಡಿದು ಊರೂರು ತಿರುಗುತ್ತಿದ್ದ. ಕಂಪ್ಯೂಟರ್ ತಂದವನು ಜಿಲಾನಿ. ಬೆಂಗಳೂರಿನಲ್ಲಿ ಬಾಗಿಲು ಹಾಕಿದ ಯಾವುದೋ ಕಂಪನಿಯ ಗುಜರಿಯಿಂದ ಅದನ್ನು ಲಾರಿಯಲ್ಲಿ ಹೇರಿಕೊಂಡು ಬಂದಿದ್ದ. ಅದು ಮನೆಯಲ್ಲಿಡುವಂಥ ಕಂಪ್ಯೂಟರ್ ಅಲ್ಲ, ಸರ್ವರ್. ಒಳಗೆ ಜಿಯಾನ್ ಎಂಬ ಎರಡು ಪ್ರೊಸೆಸರ್ ಅಕ್ಕಪಕ್ಕ ಕೂತಿದ್ದವು. ಗುಂಡಿ ಒತ್ತಿದರೆ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು. ಚಳಿಗಾಲದಲ್ಲಿ ಹನುಮಣ್ಣಜ್ಜನ ಬೆಕ್ಕು ಅದರ ಬೆನ್ನ ಹಿಂದೆಯೇ ಮಲಗುತ್ತಿತ್ತು, ಬೇಸಿಗೆಯಲ್ಲಿ ನಾವು ಯಾರೂ ಆ ಕಡೆ ಸುಳಿಯುತ್ತಿರಲಿಲ್ಲ.

ಎರಡು ಸಾವಿರದ ಏಳರ ಮದುವೆ ಸೀಜನ್ ಶುರುವಾಗುವ ಹೊತ್ತಿಗೆ ಪಾಲಾಕ್ಷ ಇನ್ನೊಂದು ಕಂಪ್ಯೂಟರ್ ತಂದ. ಹೊಸದು, ಕಪ್ಪಗೆ ಮಿರಮಿರ ಮಿಂಚುವಂಥದು, ಕೋರ್ ಟೂ ಡ್ಯುಯೊ. ಅದರ ಜೊತೆಗೇ ಒಬ್ಬ ಭಾಮೈದನನ್ನೂ ತಂದ. ಹೆಂಡತಿಯ ತಮ್ಮ ರಾಮಾಂಜನೇಯ, ಹಡಗಲಿಯಲ್ಲಿ ಕಂಪ್ಯೂಟರ್ ಕೋರ್ಸ್ ಮುಗಿಸಿ ಮನೆಯಲ್ಲಿ ಕೂತಿದ್ದವನು.

"ಇವನೂ ಎಡಿಟಿಂಗ್ ಮಾಡ್ತಾನ," ಅಂದ ಪಾಲಾಕ್ಷ.

ಕೋಣೆಯಲ್ಲಿದ್ದದ್ದು ಒಂದೇ ಕುರ್ಚಿ. ಇಬ್ಬರಿಗೆ ಸಂಬಳ ಕೊಡುವಷ್ಟು ಮದುವೆ ಕೊಟ್ಟೂರಿನಲ್ಲಿ ನಡೆಯುತ್ತಿರಲಿಲ್ಲ. ಜಿಲಾನಿ ತನ್ನ ಸರ್ವರನ್ನು ಬಿಟ್ಟುಕೊಡಲು ಒಪ್ಪಲಿಲ್ಲ, ಪಾಲಾಕ್ಷ ತನ್ನ ಭಾಮೈದನನ್ನು ವಾಪಸು ಕಳಿಸಲು ಒಪ್ಪಲಿಲ್ಲ. ಕೊನೆಗೆ ಒಂದು ತೀರ್ಮಾನಕ್ಕೆ ಬಂದರು: ಒಂದೇ ಮದುವೆಯನ್ನು ಎರಡೂ ಯಂತ್ರಕ್ಕೆ ಹಾಕುವುದು, ಯಾವುದು ಬೇಗ ಮುಗಿಸುತ್ತದೋ ಅದು ಉಳಿಯುತ್ತದೆ, ಅದರ ಆಪರೇಟರ್ ಕುರ್ಚಿಯಲ್ಲಿ ಕೂರುತ್ತಾನೆ. ಸರ್ವರಿನ ಪಾಲಿಗೆ ಆಪರೇಟರ್ ನಾನು. ನನ್ನನ್ನು ಯಾರೂ ಕೇಳಲಿಲ್ಲ.

ನನ್ನ ಅಣ್ಣ ಮಂಜಣ್ಣ ಮಾತ್ರ ಆ ಸಂಜೆಯೇ ಸುದ್ದಿ ತಿಳಿದು ಹೇಳಿದ, "ನೋಡವ್ವಾ, ದುಡಿಮಿ ಇರೋತನಕ ನಮ್ಮ ಮನ್ಯಾಗ ಇರು. ಇಲ್ಲಂದ್ರ ಗಂಡನ ಮನಿ ಐತಿ. ಜನ ಏನಂತಾರ?" ಗಂಡನ ಮನೆ ಇದ್ದೇ ಇತ್ತು. ಅಲ್ಲಿ ಕೈ ಎತ್ತುವ ಗಂಡನೂ, ಅವನು ಎತ್ತಿದ್ದೇ ಸರಿ ಎನ್ನುವ ಅತ್ತೆಯೂ ಇದ್ದರು. ಕುರ್ಚಿ ಹೋದರೆ ನಾನು ಹರಪನಹಳ್ಳಿ ಬಸ್ಸು ಹತ್ತಬೇಕು. ನನಗೆ ಭಯವಾಗಿತ್ತು. ಅಷ್ಟೇ ಸಿಟ್ಟೂ ಬಂದಿತ್ತು.

ಪಂದ್ಯದ ಹಿಂದಿನ ಸಂಜೆ ಅಂಗಡಿಯ ಕಟ್ಟೆಯ ಮೇಲೆ ಇಬ್ಬರೂ ಪಾಲುದಾರರು ಬಡಾಯಿ ಕೊಚ್ಚಿದ್ದನ್ನು ನೀವು ಕೇಳಬೇಕಿತ್ತು.

"ನಂದು ಎರಡು ಪಾಯಿಂಟ್ ನಾಕು ಗಿಗಾಹರ್ಟ್ಸು. ಅಂಥಾವು ಎರಡು ಅದಾವು. ಕೂಡಿಸಿ ನೋಡು," ಅಂದ ಜಿಲಾನಿ. "ನಿಂದು ಎರಡಕ್ಕೂ ಬಂದಿಲ್ಲ."

"ಕೂಡಿಸಾಕ ಅದೇನು ಜೋಳದ ಚೀಲಾನ?" ಅಂದ ಪಾಲಾಕ್ಷ.

ಹನುಮಣ್ಣಜ್ಜ ಅಡಿಕೆ ಕತ್ತರಿಸುತ್ತ ಕೂತಿದ್ದ. ಅವನಿಗೆ ಈ ಲೆಕ್ಕ ತಿಳಿಯಲಿಲ್ಲ. ಜಿಲಾನಿ ತಿಳಿಯುವಂತೆ ಹೇಳಿದ, "ಅಜ್ಜಾ, ನಂದು ಜೋಡೆತ್ತು. ಪಾಲಾಕ್ಷಂದು ಒಂಟಿ ಹೋರಿ."

"ಒಂಟಿ ಅಲ್ಲ," ಅಂದ ಪಾಲಾಕ್ಷ ತಟ್ಟನೆ. "ನಂದೂ ಜೋಡೀನ. ಒಂದ ಮೈಯಾಗ ಎರಡು ಎತ್ತು ಅದಾವು."

ಅಜ್ಜ ಈಗ ಉತ್ಸಾಹಕ್ಕೆ ಬಂದ. ದನದ ವಯಸ್ಸನ್ನು ಹಲ್ಲು ಎಣಿಸಿ ಹೇಳುವವನು, ಯಾವುದಕ್ಕೆ ಎಷ್ಟು ಹಲ್ಲು ಅಂತ ಕೇಳಿದ. ಸರ್ವರ್ ಹುಟ್ಟಿ ಐದಾರು ವರ್ಷವಾಗಿದೆ, ಡೆಸ್ಕ್‌ಟಾಪ್ ಈ ವರ್ಷದ್ದು ಅಂತ ನಾನು ಹೇಳಿದೆ. ಎಲ್ಲ ಹಲ್ಲೂ ಬಂದು ಬಾಯಿಗೂಡಿದ ಎತ್ತಿನ ಜೊತೆ ಹಾಲುಹಲ್ಲಿನ ಹೋರಿಯನ್ನು ಓಡಿಸುವ ಪಂದ್ಯ ಎಲ್ಲಿಯೂ ಇಲ್ಲ ಎಂದು ಅಜ್ಜ ತಲೆಯಾಡಿಸಿದ. ಆದರೂ ನೋಡಲು ಬರುತ್ತೇನೆ ಅಂದ.

ಬೆಳಿಗ್ಗೆ ಬಂದ. ಪಾಲಾಕ್ಷ ಹೊಳಲಿನಲ್ಲಿ ಒಂದು ಮದುವೆ ಹಿಡಿಯಲು ಹೊರಟು ನಿಂತಿದ್ದ. ರಾಮಾಂಜನೇಯ ಹೊಸ ಯಂತ್ರಕ್ಕೆ ಊದುಬತ್ತಿ ಬೆಳಗುತ್ತಿದ್ದ. ಇಟ್ಟಿಗಿಯ ಎರ್ರೆಮ್ಮನ ಮಗಳ ಮದುವೆಯನ್ನು ನಾನು ಎರಡಕ್ಕೂ ಒಂದೇ ರೀತಿ ತುಂಬಿಸಿಟ್ಟಿದ್ದೆ. ಜಿಲಾನಿ ಸರ್ವರಿನ ಗುಂಡಿ ಒತ್ತಲು ಕೈ ಚಾಚಿದ.

"ಲೇ ಜಿಲಾನಿ," ಅಂದ ಅಜ್ಜ. "ಇವತ್ತು ಯಾವ ವಾರ?"

"ಸೋಮವಾರ."

"ಮತ್ತ ಸೋಮವಾರ ಜೋಡೆತ್ತು ಹೂಡ್ತೀಯೇನು?"

ನಮ್ಮ ಕಡೆ ಸೋಮವಾರ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಹೊಲ ಎಂಥ ಹದಕ್ಕೆ ಬಂದಿದ್ದರೂ ಅವತ್ತು ಎತ್ತುಗಳು ಮೇಯುತ್ತವೆ, ಮಲಗುತ್ತವೆ. ಅಷ್ಟು ದಿನ ಸರ್ವರ್ ಸೋಮವಾರವೂ ದುಡಿದಿತ್ತು, ನಿಜ. ಆದರೆ ಅದು ಜೋಡೆತ್ತು ಎನ್ನುವುದು ಅಜ್ಜನಿಗೆ ಗೊತ್ತಾದದ್ದು ಹಿಂದಿನ ಸಂಜೆ.

"ಅಜ್ಜಾ, ಇದು ಕಬ್ಬಿಣರೀ," ಅಂದ ಜಿಲಾನಿ.

"ಜೋಡೆತ್ತು ಅಂದಾಂವ ನೀನಾ, ನಾನಾ? ನಮ್ಮಪ್ಪ ಹೂಡಲಿಲ್ಲ, ನಾ ಹೂಡಲಿಲ್ಲ. ನನ್ನ ಸೂರಿನ ಕೆಳಗ ನೀನೂ ಹೂಡಂಗಿಲ್ಲ."

ಬಾಡಿಗೆ ಮನೆಯಲ್ಲಿ ವಾದಕ್ಕೆ ಬೆಲೆ ಕಡಿಮೆ. ಜಿಲಾನಿ ಕೈ ಹಿಂದಕ್ಕೆಳೆದ. ಪಾಲಾಕ್ಷ ಒಳಗೊಳಗೇ ನಗುತ್ತಿದ್ದ. ಅಜ್ಜ ಅವನ ಕಡೆ ತಿರುಗಿದ.

"ನಿಂದೂ ಒಂದ ಮೈಯಾಗ ಎರಡು ಅಂದಿದ್ದೆಲ್ಲೋ?"

ಪಾಲಾಕ್ಷನ ನಗು ನಿಂತಿತು. ಹಿಂದಿನ ಸಂಜೆ ಊರಿಗೆಲ್ಲ ಕೇಳುವಂತೆ ಹೇಳಿದ್ದನ್ನು ಅವನು ಈಗ ನಿಂತಲ್ಲೇ ನುಂಗಿದ. "ಏ, ಅದು ಸುಮ್ಮನ ಮಾತಿಗೆ ಅಂದಿದ್ದು ಅಜ್ಜಾ. ಒಂದ ಐತಿ. ಒಂಟಿ ಹೋರಿ. ನೊಗಾನ ಇಲ್ಲ." ಜಿಲಾನಿ ಸೂರು ನೋಡಿ ನಕ್ಕ. ಒಂಟಿ ಹೋರಿಗೆ ಹೂಡುವ ಮಾತೇ ಬರುವುದಿಲ್ಲವಾದ್ದರಿಂದ ಅಜ್ಜ ಅದಕ್ಕೆ ಅಪ್ಪಣೆ ಕೊಟ್ಟ. ಹೀಗೆ ಒಂದು ಸೋಮವಾರ, ಇನ್ನೊಂದು ಮಂಗಳವಾರ ಓಡುವುದು ಎಂದಾಯಿತು.

ಪಾಲಾಕ್ಷ ಹೊಳಲಿಗೆ ಹೋದ. ಜಿಲಾನಿ ಮುಖ ಊದಿಸಿಕೊಂಡು, ಸರ್ವರಿಗೆ ಫ್ಯಾನ್ ತರುತ್ತೇನೆಂದು ಹಗರಿಬೊಮ್ಮನಹಳ್ಳಿಗೆ ಹೋದ. ರಾಮಾಂಜನೇಯ ರೆಂಡರ್ ಒತ್ತಿ, ಪರದೆಯನ್ನು ಸ್ವಲ್ಪ ಹೊತ್ತು ನೋಡಿ, ಆಕಳಿಸಿ, ಸಂಜೆಯವರೆಗೆ ಇಲ್ಲೇನು ಕೆಲಸ ಎಂದು ಟಾಕೀಸಿಗೆ ಹೋದ. ಕೋಣೆಯಲ್ಲಿ ಉಳಿದದ್ದು ನಾನು ಮತ್ತು ಆ ಯಂತ್ರ.

ಅದಕ್ಕೆ ಸದ್ದೇ ಇರಲಿಲ್ಲ. ಕೆಟ್ಟು ನಿಂತಿತೇನೋ ಎಂದು ಕಿವಿ ಇಟ್ಟು ನೋಡಿದೆ. ನೀಲಿ ಪಟ್ಟಿ ತೆವಳುತ್ತಿರಲಿಲ್ಲ, ನಡೆಯುತ್ತಿತ್ತು. ಸರ್ವರ್ ಆಗಿದ್ದರೆ ಅರಿಶಿಣದ ಶಾಸ್ತ್ರ ಮುಗಿಸುವಷ್ಟು ಹೊತ್ತಿನಲ್ಲಿ ಇದು ಅಕ್ಕಿಕಾಳು ಹಾಕುವ ಮುಹೂರ್ತಕ್ಕೆ ಬಂದಿತ್ತು. ನಾನು ರೊಟ್ಟಿ ಗಂಟು ಬಿಚ್ಚಿ, ತಿಂದು, ಕೈ ತೊಳೆದು ಬಂದೆ. ಮದುವೆ ಮುಗಿದಿತ್ತು! ಮದುಮಗಳು ಗುಲಾಬಿಯಿಂದ ಇಳಿದು ಗಂಡನ ಮನೆಗೆ ಹೊರಟಿದ್ದಳು. ಚಿತ್ರ ಚೊಕ್ಕವಾಗಿತ್ತು, ಎಲ್ಲೂ ಒಡೆದಿರಲಿಲ್ಲ. ಅದನ್ನು ಡಿವಿಡಿಗೆ ಹಾಕಿ, ಜಾಗ ಉಳಿಯಲೆಂದು ಯಾವಾಗಲೂ ಮಾಡುವಂತೆ ಕಂಪ್ಯೂಟರಿನಲ್ಲಿದ್ದ ಫೈಲು ಅಳಿಸಿದೆ. ಆಮೇಲೆ ಸುಮ್ಮನೆ ಅದರ ಮುಂದೆ ಕೂತುಬಿಟ್ಟೆ. ನನಗೆ ಅದು ಬೇಕೆನಿಸಿತು. ಮದುವೆ ನೋಡಲು ಹೋದ ಹುಡುಗಿ ಬೇರೆಯವಳ ವರನನ್ನು ಮೆಚ್ಚಿದಂತೆ, ನಾಚಿಕೆಯಿಲ್ಲದೆ ಬೇಕೆನಿಸಿತು.

ರಾಮಾಂಜನೇಯ ಸಿನಿಮಾ ನೋಡಿ ಸಂಜೆ ಬಂದು, "ಆತೇನು?" ಅಂದ. "ಆತು," ಅಂದೆ. ಯಾವಾಗ ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಮಂಗಳವಾರ ಸರ್ವರಿನ ಸರದಿ. ಜಿಲಾನಿ ಹೊಸ ಫ್ಯಾನ್ ಸಿಕ್ಕಿಸಿದ್ದರಿಂದ ಸದ್ದು ಇನ್ನಷ್ಟು ಏರಿತ್ತು. ಬಸ್ಸಿಗೆ ಕಾಯುವವರು ಬಾಗಿಲಿಗೆ ಬಂದು ಇಣುಕಿದರು. ಅಜ್ಜ ಅದರ ಬೆನ್ನ ಮೇಲೆ ಕೈಯಿಟ್ಟು, "ಮೈ ಕಾದೈತಿ ನೋಡ್ರಿ. ದುಡಿತ ಅಂದ್ರ ಇದು. ನಿನ್ನೆದು ಮಲಗಿಕೊಂಡಿತ್ತು," ಎಂದು ಎಲ್ಲರಿಗೂ ವಿವರಿಸಿದ. ಊಟದ ಹೊತ್ತು ಕಳೆಯಿತು. ಕೂಡ್ಲಿಗಿಯ ಬಸ್ಸುಗಳು ಬಂದು ಬಂದು ಹೋದವು. ಪಟ್ಟಿ ತೆವಳಿತು. ದೀಪ ಹಚ್ಚುವ ಹೊತ್ತಿಗೆ ಸರ್ವರ್ ಮದುವೆ ಮುಗಿಸಿ ಉಸ್ಸೆಂದಿತು.

ಅಷ್ಟರಲ್ಲಿ ಪಾಲಾಕ್ಷನೂ ಹೊಳಲಿನಿಂದ ಬಂದಿದ್ದ. ಎಲ್ಲರೂ ಕೋಣೆಯಲ್ಲಿ ನೆರೆದರು.

"ಇದು ಸಂಜಿಗೆ ಮುಗಿಸೇತಿ," ಅಂದ ಜಿಲಾನಿ. "ನಿಂದು ಯಾವಾಗ?"

ಪಾಲಾಕ್ಷ ಭಾಮೈದನನ್ನು ನೋಡಿದ. ರಾಮಾಂಜನೇಯ ಕುತ್ತಿಗೆ ತುರಿಸಿಕೊಂಡ. "ನಾ ಸಂಜಿಗೆ ಬಂದಾಗ ಮುಗಿದಿತ್ತು."

"ಅಂದ್ರ ಅದೂ ಸಂಜಿಗೇ ಅನ್ನು! ಸಮ ಸಮ. ಸಮ ಆದ್ರ ಹಳೇದ ಉಳೀಬೇಕು," ಎಂದು ಜಿಲಾನಿ ಚಪ್ಪಾಳೆ ತಟ್ಟಿ ನನ್ನ ಕಡೆ ತಿರುಗಿದ. "ನೀನ ಅಲ್ಲಿದ್ದೆಲ್ಲ ತಂಗಿ, ಹೇಳು."

ಅವನ ಕಣ್ಣು ನನ್ನನ್ನು ಬೇಡುತ್ತಿತ್ತು. ಒಂದು ಸುಳ್ಳು ಸಾಕಿತ್ತು. ಸುಳ್ಳು ಅನ್ನುವುದೂ ಬೇಡ, ಸುಮ್ಮನೆ ತಲೆಯಾಡಿಸಿದ್ದರೆ ಆಗುತ್ತಿತ್ತು. ಕುರ್ಚಿ ಉಳಿಯುತ್ತಿತ್ತು, ಅಣ್ಣನ ಮನೆ ಉಳಿಯುತ್ತಿತ್ತು, ಹರಪನಹಳ್ಳಿ ಬಸ್ಸು ನಾನಿಲ್ಲದೆ ಹೋಗುತ್ತಿತ್ತು. ಆದರೆ ಆಮೇಲೆ ಜೀವಮಾನವಿಡೀ ಆ ಗಿರಣಿಯ ಮುಂದೆ ಕೂತು ಪಟ್ಟಿ ನೋಡಬೇಕು, ಪಕ್ಕದಲ್ಲಿದ್ದ ಯಂತ್ರ ಎಂಥದ್ದೆಂದು ಗೊತ್ತಿದ್ದೂ. ನಾನು ಸತ್ಯವಂತೆ ಎಂದು ಯಾರೂ ತಿಳಿಯಬೇಡಿ. ನನ್ನ ಬಾಯಿ ತೆರೆಸಿದ್ದು ಆಸೆ.

"ಸಮ ಇಲ್ಲ ಜಿಲಾನಣ್ಣ," ಅಂದೆ. "ಹೊಸದು ನಾ ರೊಟ್ಟಿ ತಿಂದು ಕೈ ತೊಳಕೊಳ್ಳೋದ್ರಾಗ ಮುಗಿಸಿತು. ನಿನ್ನ ಸರ್ವರ್ ಅದರ ಹಿಂದ ಓಡಿದ್ರ ಧೂಳು ಸುದ್ದಾ ಕಾಣಂಗಿಲ್ಲ."

ಜಿಲಾನಿಯ ಮುಖ ಇಳಿದುಹೋಯಿತು. ಅದನ್ನು ನೋಡಿ ನನಗೆ ಸಂಕಟವಾಯಿತು. ಪಾಲಾಕ್ಷ ಭಾಮೈದನ ಬೆನ್ನು ತಟ್ಟಿ, "ಕುಂದರಪ್ಪಾ ಇನ್ನ," ಅಂದ. ರಾಮಾಂಜನೇಯ ಬಂದು ಕುರ್ಚಿಯ ಬೆನ್ನಿಗೆ ಕೈ ಹಾಕಿದ. ನಾನು ಇನ್ನೂ ಅದರಲ್ಲೇ ಕೂತಿದ್ದೆ.

"ಅಜ್ಜಾ," ಅಂದೆ ಹನುಮಣ್ಣಜ್ಜನಿಗೆ. "ನೀ ಇಷ್ಟು ಸಂತಿ ಮಾಡೀದಿ. ಮುದಿ ಎತ್ತು ಕೊಟ್ಟು ಹೊಸ ಎತ್ತು ತಂದ ಮನ್ಯಾಗ, ಹೊಲ ಉಳಾರನ್ನೂ ಬದಲಿ ಮಾಡ್ತಾರೇನು?"

"ಇಲ್ಲವ್ವಾ. ಹೊಲ ಗೊತ್ತಿರೋದು ಉಳಾರಿಗೆ. ಎತ್ತಿಗೇನು ಗೊತ್ತು?"

"ಎತ್ತು ಮಾರಿದಾಂವ ಎತ್ತಿನ ಜೊತಿಗೆ ಭಾಮೈದನ್ನೂ ಕಟ್ಟಿ ಕೊಡ್ತಾನೇನು?"

ಅಜ್ಜನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಕ್ಕ ರಭಸಕ್ಕೆ ಬಾಯಿಂದ ಅಡಿಕೆ ಹಾರಿ ಬಿತ್ತು. "ಹಗ್ಗ ಕೊಡ್ತಾರ. ಮೂಗುದಾರ ಕೊಡ್ತಾರ. ಕೊರಳಗಂಟಿ ಕೊಟ್ಟಿದ್ದೂ ಕಂಡೀನಿ. ಭಾಮೈದನ್ನ ಕೊಟ್ಟಿದ್ದು ಮಾತ್ರ..." ಮುಂದೆ ಮಾತು ಬರಲಿಲ್ಲ, ಕೆಮ್ಮು ಬಂತು. ಬಾಗಿಲಲ್ಲಿ ನಿಂತವರೂ ನಕ್ಕರು. ಜಿಲಾನಿ ಕೂಡ, ಅಷ್ಟು ದುಃಖದಲ್ಲೂ.

ಪಾಲಾಕ್ಷನ ಮುಖ ಕೆಂಪಾಯಿತು. "ಮಾತು ಅಂದ್ರ ಮಾತು. ಏಳು, ಸುಜಾತಾ."

ನಾನು ಕುರ್ಚಿಯಲ್ಲಿ ಕೂತಂತೆಯೇ ಕಾಲಿನಿಂದ ನೆಲ ಒದ್ದು, ಕರಕರ ಎಳೆದುಕೊಂಡು ಹೊಸ ಯಂತ್ರದ ಮುಂದೆ ಬಂದೆ. ರಾಮಾಂಜನೇಯನ ಕೈ ಗಾಳಿಯಲ್ಲಿ ಉಳಿಯಿತು. "ಪಂದ್ಯ ಕಟ್ಟಿದ್ದು ಅದಕ್ಕೂ ಇದಕ್ಕೂ," ಅಂದೆ. "ನನಗೂ ಇವಂಗೂ ಯಾರು ಕಟ್ಟಿದ್ರಿ? ಕಟ್ಟೂದಿದ್ರ ಈಗ ಕಟ್ರಿ. ಗುಡೇಕೋಟಿ ಮದುವಿ ಕ್ಯಾಸೆಟ್ ಐತಿ, ಮಾಡ್ತೀನಿ." ನನ್ನ ದನಿ ಎತ್ತರವಾಗಿತ್ತು. ಸರ್ವರ್ ಇನ್ನೂ ಗಿರಗಿರ ಅನ್ನುತ್ತಲೇ ಇದ್ದುದರಿಂದ ಕೂಗಬೇಕಾಗಿತ್ತು.

ಆಗ ಜಿಲಾನಿ ಎದ್ದು ಹೋಗಿ ಸರ್ವರಿನ ಸ್ವಿಚ್ ಆರಿಸಿದ. ಕೋಣೆ ಒಮ್ಮೆಲೇ ಮೌನವಾಯಿತು. ಅವನು ಗೂಡಿನಿಂದ ಗುಡೇಕೋಟೆಯ ಕ್ಯಾಸೆಟ್ ತೆಗೆದು, ಅಂಗಿಯ ತುದಿಯಿಂದ ಒರೆಸಿ, ನನ್ನ ಕೈಗೆ ಕೊಟ್ಟ. "ಈಕಿ ಸುಳ್ಳು ಹೇಳಿದ್ರ ನನ್ನ ಯಂತ್ರ ಗೆಲ್ತಿತ್ತು," ಅಂದ ಪಾಲಾಕ್ಷನಿಗೆ. ನಾನು ಕ್ಯಾಸೆಟ್ ಹಾಕಿದೆ.

ಪಾಲಾಕ್ಷ ಅವನನ್ನು ನೋಡಿದ, ಕೆಮ್ಮುತ್ತಿದ್ದ ಅಜ್ಜನನ್ನು ನೋಡಿದ, ಆಗಲೇ ಪರದೆಯ ಮೇಲೆ ಹಂದರ ಹಾಕುತ್ತಿದ್ದ ಗುಡೇಕೋಟೆಯವರನ್ನು ನೋಡಿದ. ಕೊನೆಗೆ ಭಾಮೈದನ ಕಡೆ ತಿರುಗಿ ಗದರಿದ, "ನಿಂತು ಏನ್ ನೋಡ್ತೀಲೇ? ಎಲ್ಲಾರ್ಗೂ ಚಾ ಹೇಳಿ ಬಾ ಹೋಗು."

ನಾನು ಹಿಂದೆ ತಿರುಗಲಿಲ್ಲ. ಮೇಜಿನ ಕೆಳಗೆ ನನ್ನ ಎರಡೂ ಕಾಲನ್ನು ಕುರ್ಚಿಯ ಕಾಲಿಗೆ ಬಿಗಿಯಾಗಿ ಸುತ್ತಿಕೊಂಡು ಕೂತಿದ್ದೆ. ಯಾರಾದರೂ ಇನ್ನೊಮ್ಮೆ ಏಳು ಎಂದಿದ್ದರೂ ನನ್ನಿಂದ ಏಳಲು ಆಗುತ್ತಿರಲಿಲ್ಲ.