ಸೂಜಿ ಹಾಕುವವರು

"ಇದು ನಮ್ಮ ಕೆಲಸ ಅಲ್ಲಪ್ಪ," ಎಂದು ಡಾಕ್ಟರ್ ರಾಜಪ್ಪ ಚೀಟಿಯನ್ನು ಹಿಂದಕ್ಕೆ ತಳ್ಳಿದರು. "ತಲೆ ಕೆಟ್ಟೋರ ಔಷಧಿ. ಬರೆದೋರೇ ಹಾಕ್ಬೇಕು."

ಅಜಮತ್ ಉಲ್ಲಾ ಹಣೆ ಒರೆಸಿಕೊಂಡ. "ಬರ್ದೋರು ಧಾರವಾಡದಾಗೆ ಅದಾರ್ರೀ. ಹದಿನೈದು ದಿನಕ್ಕೊಮ್ಮೆ ತಂಗೀನ ಅಲ್ಲೀತನ ಹೆಂಗ್ ಕರ್ಕೊಂಡ್ ಹೋಗ್ಲಿ? ನಿಮ್ಮೂರ ಡಾಕ್ಟರ ಹತ್ರಾನೇ ಹಾಕಿಸ್ಕೊಳ್ರಿ ಅಂತ ಅವ್ರೇ ಬರ್ದಾರೆ."

ಚೀಟಿ ಮಡಿಕೆಗಳಲ್ಲಿ ಹರಿಯತೊಡಗಿತ್ತು. ಸೊರಬದ ಡಾಕ್ಟರೊಬ್ಬರು ತಮ್ಮ ಕಾಂಪೌಂಡರನನ್ನು ತೋರಿಸಿದ್ದರು. ಅವನು, ಪೆನ್ಸಿಲಿನ್ ಆದರೆ ಸರಿ, ಇದು ಬೇಡ ಎಂದು ಇಲ್ಲಿಗೆ, ಶಿಕಾರಿಪುರದ ಆಸ್ಪತ್ರೆಗೆ, ಬಸ್ಸು ತೋರಿಸಿದ್ದ. ಈ ಓಡಾಟದಲ್ಲಿ ಸೂಜಿಯ ದಿನ ದಾಟಿ ಒಂಬತ್ತು ದಿನವಾಗಿತ್ತು. ತಂಗಿ ನೂರುನ್ನೀಸಾ ನಿದ್ದೆ ಬಿಟ್ಟಿದ್ದಳು. ಹೋದ ವರ್ಷ ಹೀಗೇ ನಿದ್ದೆ ಬಿಟ್ಟವಳನ್ನು ಅಂಬ್ಲಿಗೊಳ ಅಣೆಕಟ್ಟಿನ ಎದೆಮಟ್ಟದ ನೀರಿನಿಂದ ಎಳೆದು ತಂದಿದ್ದರು.

"ನರ್ಸಮ್ಮ ಹಾಕ್ಲಿ ಬಿಡ್ರಿ," ಎಂದ ಕಾಂಪೌಂಡರ್ ಉಚ್ಚಂಗಪ್ಪ, ಔಷಧಿಯ ಕಿಟಕಿಯ ಹಿಂದಿನಿಂದಲೇ.

"ಸಾರ್ ಬರ್ದು ಕೊಟ್ರೆ ಹಾಕ್ತೀನಿ," ಎಂದಳು ನರ್ಸ್ ರಾಜೇಶ್ವರಮ್ಮ.

"ನಾನು ಬರೆದ್ರೆ ನಾನೇ ಹಾಕಿದಂಗಲ್ವೇನಮ್ಮ?"

"ಒಂದ್ ಸೂಜಿ ಚುಚ್ಚಾಕೆ ಎಷ್ಟ್ ಮಂದಿ ಬೇಕ್ರೀ ನಿಮ್ಗೆ?" ಅಜಮತ್ ಉಲ್ಲಾನ ದನಿ ಏರಿತು. ಡಾಕ್ಟರ ದನಿಯೂ ಏರಿತು. ಉಚ್ಚಂಗಪ್ಪ ಹೊರಗೆ ಬಂದು ನಡುವೆ ನಿಂತ.

ನೂರುನ್ನೀಸಾ ಬೆಂಚಿನಿಂದ ಎದ್ದಳು. ಅಣ್ಣನ ಚೀಲದಿಂದ ಔಷಧಿಯ ಡಬ್ಬಿ ತೆಗೆದುಕೊಂಡು, ಮುಸುಕು ಸರಿಸಿ ರಾಜೇಶ್ವರಮ್ಮನ ಎದುರು ನಿಂತಳು.

"ಸಿರಿಂಜು ಕುದಿಸಿದ್ ಮೇಲೆ ಪೂರ್ತಿ ಒಣಗ್ಬೇಕ್ರೀ. ಇದು ಎಣ್ಣೆ, ನೀರು ಸೇರ್ಬಾರ್ದು. ದಪ್ಪ ಸೂಜಿ ತಗೊಳ್ರಿ, ನಿಧಾನಕ್ಕೆ ಒತ್ರಿ. ಧಾರವಾಡದಾಗೆ ಆರು ಸಲ ಹಾಕಿಸ್ಕೊಂಡೀನಿ, ನಂಗೊತ್ತೈತಿ." ಅವಳ ತುಟಿ ಒಣಗಿತ್ತು. "ನಾಳೆ ಇಷ್ಟ್ ನೆಟ್ಟಗೆ ಹೇಳಾಕೆ ಆಗ್ತೈತೋ ಇಲ್ಲೋ."

"ಏನಾರ ಹೆಚ್ಚುಕಮ್ಮಿ ಆದ್ರೆ ನನ್ ಹೆಸರು ಬರುತ್ತೆ ಕಣಮ್ಮ."

"ನಂದು ದಿನಾ ಬರ್ತೈತಿ, ಊರೋರ ಬಾಯಾಗೆ."

ರಾಜೇಶ್ವರಮ್ಮ ಡಾಕ್ಟರ ಕಡೆ ನೋಡಿದಳು. ಅವರು ಚೀಟಿಯ ಯಾವುದೋ ಸಾಲಿನ ಮೇಲೆ ಬೆರಳಿಟ್ಟು ಅಜಮತ್ ಉಲ್ಲಾನಿಗೆ ಓದಿ ಹೇಳುತ್ತಿದ್ದರು. ಎಷ್ಟು ಹಾಕಬೇಕೆಂಬುದನ್ನು ಅವಳು ಆಗಲೇ ಓದಿಕೊಂಡಿದ್ದಳು. ಪರದೆ ಸರಿಸಿ ನೂರುನ್ನೀಸಾಳನ್ನು ಒಳಗೆ ಕರೆದಳು.

ಸಿರಿಂಜು ಒಣಗಲು ಹೊತ್ತು ಹಿಡಿಯಿತು. ಎಣ್ಣೆ ನಿಧಾನವಾಗಿ ಇಳಿಯಿತು. ನೂರುನ್ನೀಸಾ ಗೋಡೆಯ ಕಡೆ ಮುಖ ಮಾಡಿ ಅಲುಗಾಡದೆ ಮಲಗಿದ್ದಳು.

"ನಾಳೆ ಪೊಲೀಸ್ನೋರು ಬಂದು ಯಾರ್ ಹಾಕಿದ್ದು ಅಂತ ಕೇಳಿದ್ರೆ?" ಹೊರಗೆ ರಾಜಪ್ಪನವರು ಕೇಳುತ್ತಿದ್ದರು.

"ಹಾಕ್ರಿ ಮೊದ್ಲು, ಆಮೇಲೆ ಕೇಳ್ಲಿ," ಎಂದಿತು ಅಣ್ಣನ ದನಿ.

"ಏಳ್ಬೇಡ, ಸ್ವಲ್ಪ ಹೊತ್ತು ಹಂಗೇ ಮಲ್ಕೋಳಮ್ಮ," ಎಂದಳು ರಾಜೇಶ್ವರಮ್ಮ. ಸ್ಟೂಲು ಎಳೆದುಕೊಂಡು ಕೂತಳು. ರಕ್ತ ಆಗಲೇ ನಿಂತಿತ್ತು. ಹತ್ತಿ ಒತ್ತಿ ಹಿಡಿದಿದ್ದ ಕೈಯನ್ನು ಅವಳು ತೆಗೆಯಲಿಲ್ಲ.