ಇಷ್ಟೇನಾ ನಿಮ್ಮ ಬೆಟ್ಟ?

ನಮ್ಮವರು ಹೋದ ಮೇಲೆ ನನಗೆ ಅಳುವೇ ಬರಲಿಲ್ಲ. ಬಂದವರೆಲ್ಲ ನನ್ನ ಮುಖ ನೋಡಿ ನೋಡಿ, ಕೊನೆಗೆ ತಮ್ಮ ಪಾಡಿಗೆ ತಾವೇ ಅತ್ತು ಹೋದರು. ನಾನು ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟೆ, ಯಾರದೋ ಮನೆಯ ಪರದೆಗೆ ಅಂಚು ಹೊಲಿದೆ. ಕಲ್ಲುಮನಸ್ಸಿನವಳು ಅಂದರಂತೆ. ಅನ್ನಲಿ ಬಿಡಿ, ನನಗೂ ಹಾಗೇ ಅನ್ನಿಸಿತ್ತು. ಇಷ್ಟು ವರ್ಷ ಬಾಳಿದ ಗಂಡನಿಗೆ ಒಂದು ಹನಿ ಕಣ್ಣೀರಿಲ್ಲ ಅಂದರೆ ನಾನು ಎಂಥ ಹೆಂಗಸು ಅಂತ ಒಳಗೊಳಗೇ ಭಯ.

"ಬೆಟ್ಟಕ್ಕೆ ಹೋಗೋಣ ನಡೀರಿ ಅತ್ತಿಗೆ, ಅಲ್ಲಾದ್ರೂ ಅತ್ತುಬಿಡಿ," ಅಂದಳು ನಾದಿನಿ. ಬಸ್ ಕಂಡಕ್ಟರ್ ಅವಳು. ಗುಟ್ಟು ಹೇಳಿದರೂ ಹಿಂದಿನ ಸೀಟಿಗೆ ಕೇಳಬೇಕು.

ಆ ಬೆಟ್ಟ ಅಂದರೆ ನಮ್ಮವರಿಗೆ ಪ್ರಾಣ. ವರ್ಷಕ್ಕೊಮ್ಮೆ ನನ್ನನ್ನೂ ಎಳಕೊಂಡು ಹೋಗುತ್ತಿದ್ದರು. ಬೆಳಕು ಹರಿಯೋ ಮುಂಚೆ ಹೊರಡಬೇಕು, ಮಂಜು ಕರಗೋದರೊಳಗೆ ಇಳಿದುಬಿಡಬೇಕು, ಅದೇ ಅವರ ಹಟ. ಬುಡದಿಂದ ಒಂದು ಕಲ್ಲು ಹೊತ್ತು ತಂದು ತುದಿಯ ಕಲ್ಲುಗುಡ್ಡೆಗೆ ಸೇರಿಸುವುದು ಹತ್ತುವವರ ಪದ್ಧತಿ. ನಾನು ನನ್ನ ಕಲ್ಲಿಟ್ಟು, ನೋಯುವ ಮೊಣಕಾಲು ನೀವಿಕೊಳ್ಳುತ್ತಾ, "ಇಷ್ಟೇನಾ ನಿಮ್ಮ ಬೆಟ್ಟ?" ಅಂತ ಪ್ರತಿ ಸಲ ಛೇಡಿಸುತ್ತಿದ್ದೆ. "ಇಷ್ಟೇ ಕಣೇ," ಅಂತ ನಗುತ್ತಿದ್ದರು.

ಈ ಸಲ ಬಸ್ಸು ತಡ. ಕಂಡಕ್ಟರಮ್ಮ ಜೊತೆಗಿದ್ದರೇನು ಬಂತು! ಕಲ್ಲುಗುಡ್ಡೆ ಮುಟ್ಟುವಾಗ ಬಿಸಿಲೇರಿತ್ತು, ಮಂಜಿನ ಸುಳಿವೇ ಇಲ್ಲ. ತಲೆಯೆತ್ತಿದರೆ, ಅಯ್ಯೋ, ಎದುರಿಗೆ ಇನ್ನೊಂದು ಏರು! ಅದರ ನೆತ್ತಿಯಲ್ಲಿ ಇದಕ್ಕಿಂತ ದೊಡ್ಡ ಕಲ್ಲುಗುಡ್ಡೆ.

"ಅದೇನೇ ಅದು?"

"ತುದಿ, ಅತ್ತಿಗೆ."

"ಮತ್ತೆ ಇದು?"

ನಾದಿನಿಯ ದನಿ ತಗ್ಗಿತು. "ಇದು ದಾರಿ ತಪ್ಪದಿರಲಿ ಅಂತ ಇಟ್ಟ ಗುರುತು. ಮದುವೆಗೆ ಮುಂಚೆ ಅಣ್ಣ ಯಾವಾಗ್ಲೂ ಮೇಲಕ್ಕೇ ಹೋಗ್ತಿದ್ದ. ಆಮೇಲೆ ಹೋಗ್ಲೇ ಇಲ್ಲ. 'ಅಲ್ಲಿ ಬರೀ ಬಂಡೆ, ಅವಳ ಕಾಲು ತಡೆಯಲ್ಲ, ಬಿಟ್ಟು ಹೋದ್ರೆ ನೊಂದ್ಕೋತಾಳೆ, ನೀನು ಬಾಯಿ ಬಿಡಬೇಡ' ಅಂದಿದ್ದ."

ಸಿಟ್ಟಾದರೂ ಬರಬೇಕಿತ್ತು. ಅದೂ ಬರಲಿಲ್ಲ. ಚೀಲದಿಂದ ಕಲ್ಲು ತೆಗೆದೆ.

"ಕೊಡಿ, ಮೇಲೆ ಹೋಗಿ ಇಟ್ಟು ಬರ್ತೀನಿ."

"ಬೇಡ. ಇಲ್ಲೇ ಇಡ್ತೀನಿ."

ಇಟ್ಟೆ. ಬಾಯಿಗೆ ಅಭ್ಯಾಸ ನೋಡಿ, ಮೊಣಕಾಲು ನೀವುತ್ತಾ ಅಂದುಬಿಟ್ಟೆ: "ಇಷ್ಟೇನಾ ನಿಮ್ಮ ಬೆಟ್ಟ?"

ಯಾರೂ ನಗಲಿಲ್ಲ. ನಾನು ಅಲ್ಲೇ ಕುಸಿದು ಕೂತು, ಗೊಳೋ ಅಂತ ಅತ್ತೆ.